ಕರಿ ಕಾರಿನ ಮೈಮೇಲೆ ಕರಾವಳಿಯ ರುಜು

ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 130 ಕಿಲೋಮೀಟರ್ ದಾರಿ. ಕಲಘಟಗಿ ದಾಟಿ, ಯಲ್ಲಾಪುರದಲ್ಲಿ ಚಹ ಕುಡಿದು, ಅರಬೈಲ್ ಘಟ್ಟದ ತಿರುವುಗಳನ್ನು ಇಳಿದು, ಗಂಗಾವಳಿಯ ಮಗ್ಗುಲಲ್ಲೇ ಗುಳ್ಳಾಪುರ, ರಾಮನಗುಳಿ, ಸುಂಕಸಾಳ ಎಂದು ಊರುಗಳನ್ನು ಎಣಿಸುತ್ತ ಬಾಳೇಗುಳಿ ಕ್ರಾಸಿಗೆ ಬರುವ ಹೊತ್ತಿಗೆ ಒಳಗೆ ಕುಳಿತವರ ಮೈ ಅಂಟಂಟಾಗಿರುತ್ತದೆ. ಹೊರಗೆ ಕಾರಿನ ಮೈಯೂ ಅಷ್ಟೇ. ಅದು ಬಿಳಿ ಕಾರಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕರಿ ಕಾರಾದರೆ ಮಾತ್ರ ಬಂದ ದಾರಿಯೆಲ್ಲ ಅದರ ಮೈಮೇಲೆ ಬರೆದಿಟ್ಟಂತೆ ಕಾಣುತ್ತದೆ. ಚಕ್ರದ ಸುತ್ತ ಹುಬ್ಬಳ್ಳಿ ಸೀಮೆಯ ಎರೆಮಣ್ಣಿನ ಬೂದು, ಬಾಗಿಲಿನ ಕೆಳಭಾಗಕ್ಕೆ ಯಲ್ಲಾಪುರದ ಕೆಂಪು, ಮುಂದಿನ ಬಂಪರಿನ ಮೇಲೆ ಕಾಡಿನ ಹುಳುಗಳು, ಡಾಂಬರಿನ ಸಣ್ಣ ಸಣ್ಣ ಚುಕ್ಕೆಗಳು. ಇವೆಲ್ಲದರ ಮೇಲೆ, ಕಣ್ಣಿಗೆ ಕಾಣದಂತೆ, ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಬಂದು ಕುಳಿತ ಅರಬ್ಬೀ ಸಮುದ್ರದ ಉಪ್ಪು.

ಇದೇ ದಾರಿಯಲ್ಲಿ ಒಂದು ಕಾಲಕ್ಕೆ ಇನ್ನೊಂದು ಬಣ್ಣವಿತ್ತು. ಬಳ್ಳಾರಿ, ಹೊಸಪೇಟೆ ಕಡೆಯಿಂದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ದಿನಗಳವು. ರಸ್ತೆಬದಿಯ ಮರದ ಎಲೆಗಳೂ ಮನೆಯ ಹೆಂಚುಗಳೂ ಒಣಹಾಕಿದ ಬಟ್ಟೆಗಳೂ ಒಂದೇ ಬಣ್ಣಕ್ಕೆ ತಿರುಗಿದ್ದವು. 2010ರ ಮಾರ್ಚಿನಲ್ಲಿ ಬೇಲೆಕೇರಿಯಲ್ಲಿ ಮುಟ್ಟುಗೋಲಾದ ಸುಮಾರು 5 ಲಕ್ಷ ಟನ್ ಅದಿರು ಅಲ್ಲಿಂದ ಕಾಣೆಯಾದ ಕಥೆ ದೇಶಕ್ಕೆಲ್ಲ ಗೊತ್ತಿರುವಂಥದು. ಅದೇ ವರ್ಷ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು, ಲಾರಿಗಳ ಆ ಸಾಲು ನಿಂತಿತು. ರಸ್ತೆಯ ಹೆಸರೂ ಬದಲಾಯಿತು. ಅಂದಿನ ರಾಷ್ಟ್ರೀಯ ಹೆದ್ದಾರಿ 63 ಈಗ 52. ಧೂಳು ಬದಲಾಗಿರಬಹುದು. ಅದನ್ನು ಒರೆಸುವ ಕೈಯ ಅಭ್ಯಾಸ ಮಾತ್ರ ಬದಲಾಗಿಲ್ಲ. ಬೆಳಿಗ್ಗೆ ಎದ್ದು, ಹಳೆಯ ಬನಿಯನ್ನಿನ ತುಂಡು ಹಿಡಿದು, ಒಣ ಧೂಳಿನ ಮೇಲೆ ಗಸಗಸನೆ ಉಜ್ಜುವ ಅಭ್ಯಾಸ ಅದು. ಕರಿ ಕಾರಿನ ಹೊಳಪಿನ ಅರ್ಧ ಆಯುಸ್ಸು ಮುಗಿಯುವುದು ಆ ಬನಿಯನ್ನಿನಲ್ಲಿ.

ಈಚೆಗೆ ಕಾರವಾರದಂಥ ಊರುಗಳಲ್ಲೂ ಕಾರಿನ ಪೇಂಟಿಗೆ ರಕ್ಷಣಾ ಲೇಪ ಹಚ್ಚಿಸುವುದು ರೂಢಿಯಾಗುತ್ತಿದೆ. ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಕೋಟಿಂಗ್ ಎಂದು ಅದಕ್ಕೆ ಹಲವು ಹೆಸರು, ಹಲವು ದರ. ಸಾವಿರದಿಂದ ಶುರುವಾಗಿ ಹತ್ತಾರು ಸಾವಿರದವರೆಗೆ ಹೋಗುವ ಖರ್ಚು ಇದು. ಸಾಲ ಮಾಡಿ ಕಾರು ಕೊಂಡ ಮನೆಗೆ, ಗೋವಾದ ಕಡೆ ಬಾಡಿಗೆ ಓಡಿಸಿ ಮಕ್ಕಳ ಫೀಸು ಕಟ್ಟುವ ಚಾಲಕನಿಗೆ ಅದು ಸಣ್ಣ ಮೊತ್ತವಲ್ಲ. ಎಲ್ಲರೂ ಕೇಳುವುದು ಯಾವ ಲೇಪ ಒಳ್ಳೆಯದು ಎಂದು. ಲೇಪಕ್ಕೆ ಮೊದಲು ಏನು ಮಾಡಬೇಕು ಎಂದು ಕೇಳುವವರು ಕಡಿಮೆ. ಲೇಪ ಪಾರದರ್ಶಕವಾದದ್ದು, ಅದರ ಕೆಳಗೆ ಏನಿದೆಯೋ ಅದನ್ನೇ ಅದು ಹಿಡಿದಿಡುತ್ತದೆ. ಹೊಳಪಿದ್ದರೆ ಹೊಳಪು, ಗೀರಿದ್ದರೆ ಗೀರು, ಉಪ್ಪಿದ್ದರೆ ಉಪ್ಪು.

ಹೇಳಿ ಕೇಳಿ ಅಂಕೋಲೆ ಉಪ್ಪಿನ ಊರು. 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದು ಇದೇ ಕಡಲ ತೀರವನ್ನು. ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿದರು. ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದದ್ದು ಆ ಹೋರಾಟದ ಕಾಲದಲ್ಲಿ. ಅಂದು ಜನ ಬೇಕೆಂದು ತಂದ ಉಪ್ಪನ್ನು ಇಂದು ಗಾಳಿ ಬೇಡವೆಂದರೂ ತಂದು ಸುರಿಯುತ್ತದೆ. ಅಲೆ ಒಡೆದಾಗ ಏಳುವ ನೀರಿನ ಸೂಕ್ಷ್ಮ ಹನಿಗಳು ಗಾಳಿಯಲ್ಲೇ ಆರಿ ಉಪ್ಪಿನ ಕಣಗಳಾಗಿ ದಡಕ್ಕೆ ಬರುತ್ತವೆ. ಅಂಕೋಲಾದಿಂದ ಕಾರವಾರಕ್ಕೆ ಇರುವ ಮೂವತ್ತೈದು ಕಿಲೋಮೀಟರಿನಲ್ಲಿ, ಅವರ್ಸಾ, ಅಮದಳ್ಳಿ, ಅರ್ಗಾ, ಬಿಣಗಾ ಎಂದು ಹೆದ್ದಾರಿ 66 ಸಮುದ್ರದ ಜೊತೆ ಕಣ್ಣಾಮುಚ್ಚಾಲೆ ಆಡುತ್ತ ಹೋಗುತ್ತದೆ. ಸಮುದ್ರ ಕಾಣದ ಕಡೆಯೂ ಉಪ್ಪು ಇರುತ್ತದೆ.

ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ನೋಡಿದವರಿಗೆ ಇದರ ವಿಜ್ಞಾನ ಹೊಸದಲ್ಲ. ಧಾರವಾಡದಲ್ಲಿ ಪುಡಿಪುಡಿಯಾಗಿರುವ ಉಪ್ಪು ಕಾರವಾರಕ್ಕೆ ಬಂದರೆ ಡಬ್ಬಿಯ ತಳದಲ್ಲಿ ನೀರು ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75 ದಾಟಿತೆಂದರೆ ಸೋಡಿಯಂ ಕ್ಲೋರೈಡ್ ಗಾಳಿಯ ತೇವವನ್ನೇ ಹೀರಿ ಕರಗತೊಡಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಕಾರವಾರದಲ್ಲಿ ಆ ಗೆರೆ ದಾಟದ ರಾತ್ರಿಗಳು ಕಡಿಮೆ. ಹೀಗಾಗಿ ಇಲ್ಲಿ ಕಾರಿನ ಮೈ ಒಣಗಿದಂತೆ ಕಂಡರೂ ಬಾಗಿಲಿನ ಅಡಿಯ ಮಡಿಕೆಯಲ್ಲಿ, ಚಕ್ರದ ಕಮಾನಿನ ಒಳಗೆ, ನಂಬರ್ ಪ್ಲೇಟಿನ ಹಿಂದೆ ಉಪ್ಪುನೀರಿನ ತೆಳು ಪದರ ಇದ್ದೇ ಇರುತ್ತದೆ. ಪೇಂಟಿನಲ್ಲಿ ಎಲ್ಲಾದರೂ ಕಲ್ಲು ಸಿಡಿದು ಕಬ್ಬಿಣ ಕಂಡಿದ್ದರೆ ತುಕ್ಕು ಅಲ್ಲಿಂದ ಒಳಹೊಕ್ಕು ಪೇಂಟಿನ ಅಡಿಯಲ್ಲೇ ಹರಡುತ್ತದೆ. ಮೇಲಿನಿಂದ ಕಾಣುವುದು ಒಂದು ಸಣ್ಣ ಗುಳ್ಳೆ ಮಾತ್ರ. ಆ ಗುಳ್ಳೆಯ ಮೇಲೆ ಎಷ್ಟು ದುಬಾರಿ ಲೇಪ ಬಳಿದರೂ ತುಕ್ಕಿಗೆ ಅದರ ಪರಿವೆ ಇರುವುದಿಲ್ಲ.

ಲೇಪಕ್ಕೆ ಮುಂಚಿನ ಸಿದ್ಧತೆ ಎಂದರೇನು ಎಂಬುದನ್ನು ಈ ಕರಾವಳಿಗೆ ಕಾರಿನ ಅಂಗಡಿಯವರು ಹೇಳಿಕೊಡಬೇಕಾಗಿಲ್ಲ. ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ, ಹಾರವಾಡ, ಬೇಲೆಕೇರಿಯ ದಡದಲ್ಲಿ ಅದು ತಲೆತಲಾಂತರದ ವಿದ್ಯೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡ ಹತ್ತುವ ಕಾಲ, ದುರಸ್ತಿಯ ಕಾಲ ಅದು. ಮರದ ದೋಣಿಯ ದಿನಗಳಲ್ಲಿ ಕೆಲಸದ ಕ್ರಮ ಹೀಗಿರುತ್ತಿತ್ತು: ತಳಕ್ಕೆ ಕಚ್ಚಿಕೊಂಡ ಚಿಪ್ಪುಜೀವಿಗಳನ್ನು ಕೆರೆದು ತೆಗೆಯಬೇಕು, ಪಾಚಿ ಉಜ್ಜಬೇಕು, ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಬೇಕು, ನೆರಳಿನಲ್ಲಿ ಚೆನ್ನಾಗಿ ಆರಲು ಬಿಡಬೇಕು, ಹಲಗೆಯ ಸಂದಿಗಳಿಗೆ ಹತ್ತಿ ತುರುಕಿ ಮುಚ್ಚಬೇಕು. ಆಮೇಲೆ ಎಣ್ಣೆ. ಹಸಿ ಮರಕ್ಕೆ ಎಣ್ಣೆ ಬಳಿದರೆ ಒಳಗಿನ ನೀರು ಹೊರಬರಲಾರದೆ ಹಲಗೆ ಒಳಗಿಂದಲೇ ಕೊಳೆಯುತ್ತದೆ. ನಡುಸಮುದ್ರದಲ್ಲಿ ಹಲಗೆ ಬಾಯಿ ಬಿಟ್ಟರೆ ಹೋಗುವುದು ಹೊಳಪಲ್ಲ, ಜೀವ. ಎಣ್ಣೆ ಹಚ್ಚುವುದು ಒಂದೆರಡು ದಿನದ ಕೆಲಸವಾದರೆ ಅದಕ್ಕೆ ತಯಾರಿ ವಾರಗಟ್ಟಲೆ ಹಿಡಿಯುವುದು ಇದಕ್ಕೇ. ಈಗ ಫೈಬರ್ ದೋಣಿಗಳು ಬಂದಿವೆ, ಎಣ್ಣೆಯ ಜಾಗದಲ್ಲಿ ಪೇಂಟು ಬಂದಿದೆ. ಕೆರೆಯುವುದು, ತೊಳೆಯುವುದು, ಆರಿಸುವುದು ಮಾತ್ರ ಹಾಗೇ ಉಳಿದಿದೆ.

ದೋಣಿಗೆ ಹಚ್ಚುತ್ತಿದ್ದ ಎಣ್ಣೆಗಳಲ್ಲಿ ಮೀನೆಣ್ಣೆಯ ಜೊತೆ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಒಂದು. ಗೇರುಬೀಜ ಸುಡುವಾಗ ಚರ್ಮಕ್ಕೆ ತಾಗಿ ಬೊಕ್ಕೆ ಎಬ್ಬಿಸುತ್ತದಲ್ಲ, ಅದೇ ಎಣ್ಣೆ. ಗಾಳಿಗೆ ಒಡ್ಡಿದರೆ ಅದು ನಿಧಾನವಾಗಿ ಗಟ್ಟಿಯಾಗಿ ಕಪ್ಪು ಪದರವಾಗುತ್ತದೆ. ಗೆದ್ದಲು, ಹುಳು ಹತ್ತಿರ ಸುಳಿಯುವುದಿಲ್ಲ. ಕಾರವಾರ ಪಟ್ಟಣದ ಒಂದು ಬಡಾವಣೆಯ ಹೆಸರೇ ಕಾಜುಬಾಗ, ಎಂದರೆ ಗೇರುತೋಟ. ಇಷ್ಟಕ್ಕೂ ಗೇರುಮರ ಇಲ್ಲಿಯದಲ್ಲ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲಿನಿಂದ ತಂದದ್ದು. ಕಾರಿಗೆ ಹಚ್ಚುವ ಹೆಸರಾಂತ ಕಾರ್ನೌಬಾ ವ್ಯಾಕ್ಸ್ ಕೂಡ ಬ್ರೆಜಿಲಿನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಕೆರೆದು ತೆಗೆದ ಮೇಣವೇ. ಒಂದೇ ಸೀಮೆಯ ಎರಡು ಮರಗಳು, ಒಂದು ಕರಿ ದೋಣಿಗೆ, ಇನ್ನೊಂದು ಕರಿ ಕಾರಿಗೆ! ಜಪಾನಿನ ಪ್ರಸಿದ್ಧ ಕರಿ ಅರಗಿನ ಪಾತ್ರೆಗಳಿಗೆ ಅಂಟು ಕೊಡುವ ಮರ, ನಮ್ಮ ಗೇರು, ಅಂಕೋಲೆಯ ಹೆಮ್ಮೆಯ ಕರಿ ಇಶಾಡ ಮಾವು ಮೂರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಕುಟುಂಬದವು. ಗೇರಿನ ಈ ಎಣ್ಣೆಯಿಂದ ತಯಾರಾದ ರಾಳ ಇಂದು ವಾಹನಗಳ ಬ್ರೇಕಿನ ಪಟ್ಟಿಯಲ್ಲಿದೆ, ಹಡಗಿಗೆ ಬಳಿಯುವ ಎಪಾಕ್ಸಿ ಪೇಂಟಿನಲ್ಲಿಯೂ ಇದೆ. ಸುಟ್ಟು ಬಿಸಾಡುವ ಸಿಪ್ಪೆ ಎಂದು ಅಂದುಕೊಂಡವರು ಇನ್ನೊಮ್ಮೆ ಯೋಚಿಸಬೇಕು.

ದೋಣಿಯಿಂದ ಹಡಗಿಗೆ ಬಂದರೆ ಇದೇ ಕ್ರಮ ಅಳತೆಗೋಲು ಹಿಡಿದು ನಿಲ್ಲುತ್ತದೆ. ಅರ್ಗಾ, ಬಿಣಗಾದ ಸುತ್ತ ಹರಡಿರುವ ನೌಕಾನೆಲೆ ಐಎನ್‌ಎಸ್ ಕದಂಬ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಅದರೊಳಗೆ 10,000 ಟನ್ ತೂಕದವರೆಗಿನ ಹಡಗನ್ನು ನೀರಿನಿಂದ ಮೇಲೆತ್ತಿ ದಡಕ್ಕೆ ಸಾಗಿಸುವ ಎತ್ತುಯಂತ್ರವಿದೆ. ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಹಡಗಿಗೆ ಬಣ್ಣ ಬಳಿಯುವ ನಿಯಮಗಳು ಜಗತ್ತಿನೆಲ್ಲೆಡೆ ಒಂದೇ, ಗುಟ್ಟಲ್ಲ. ಹಳೆಯ ಪೇಂಟು, ತುಕ್ಕುಗಳನ್ನು ಗಟ್ಟಿ ಕಣಗಳನ್ನು ರಭಸವಾಗಿ ಊದಿ ಉದುರಿಸುತ್ತಾರೆ. ಬರಿ ಉಕ್ಕು ಎಷ್ಟರ ಮಟ್ಟಿಗೆ ಬೆಳ್ಳಗೆ ಕಾಣಬೇಕೆಂಬುದಕ್ಕೆ ಅಂತರರಾಷ್ಟ್ರೀಯ ಚಿತ್ರಪಟಗಳಿವೆ. ಆಮೇಲೆ ಒಂದು ಅಂಟುಪಟ್ಟಿಯ ಪುಟ್ಟ ಚೀಲವನ್ನು ಉಕ್ಕಿಗೆ ಅಂಟಿಸಿ, ಸಿರಿಂಜಿನಿಂದ ಶುದ್ಧ ನೀರು ತುಂಬಿ, ಅದನ್ನೇ ಹೊರತೆಗೆದು ಎಷ್ಟು ಉಪ್ಪು ಕರಗಿತೆಂದು ಅಳೆಯುತ್ತಾರೆ. ಉಪ್ಪು ಮಿತಿ ಮೀರಿದ್ದರೆ ಮತ್ತೆ ತೊಳೆಯಬೇಕು. ಇನ್ನೂ ಒಂದು ನಿಯಮವಿದೆ. ಉಕ್ಕಿನ ಶಾಖ ಇಬ್ಬನಿಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರದಿದ್ದರೆ ಪೇಂಟಿನ ಡಬ್ಬಿಯನ್ನೇ ತೆರೆಯುವಂತಿಲ್ಲ. ಕಣ್ಣಿಗೆ ಕಾಣದ ತೇವ ಕುಳಿತಿರುತ್ತದೆ. ಭೌತಶಾಸ್ತ್ರದ ಪರೀಕ್ಷೆಗೆಂದು ಇಬ್ಬನಿಬಿಂದುವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ ಅದರಿಂದ ಸಂಬಳ ಎಣಿಸುವವರೂ ಇದ್ದಾರೆಂದು ಗೊತ್ತಿರಲಿ.

ಒಳಗೆ ಹೋಗಲಾಗದವರು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲ ತೀರಕ್ಕೆ ಹೋಗಬಹುದು. ಅಲ್ಲಿ ಐಎನ್‌ಎಸ್ ಚಾಪಲ್ ದಡದ ಮೇಲೆ ನಿಂತಿದೆ. ರಷ್ಯಾದಲ್ಲಿ ತಯಾರಾಗಿ 1976ರಲ್ಲಿ ನಮ್ಮ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತವಾದ ಕ್ಷಿಪಣಿ ನೌಕೆ. ಮರುವರ್ಷದಿಂದ ವಸ್ತುಸಂಗ್ರಹಾಲಯವಾಗಿದೆ. ಇದು 1971ರ ಯುದ್ಧದಲ್ಲಿ ಕರಾಚಿಗೆ ಹೋಗಿತ್ತೆಂದು ಮಕ್ಕಳಿಗೆ ಹೇಳುವ ತಂದೆಯರು ಸೇರ್ಪಡೆಯ ವರ್ಷವನ್ನು ಒಮ್ಮೆ ಗಮನಿಸಬೇಕು. ಕರಾಚಿಗೆ ಹೋದದ್ದು ಇದರ ಹಿರಿಯಣ್ಣಂದಿರಾದ ಅದೇ ಬಗೆಯ ಬೇರೆ ನೌಕೆಗಳು. ಆಮೇಲೆ ಇದರ ಪಕ್ಕಕ್ಕೆ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವೂ ಬಂತು. ಚಾಪಲ್‌ನ ಹೊರಮೈಯನ್ನು ಹತ್ತಿರದಿಂದ ನೋಡಿದರೆ ಒಂದು ಪಾಠ ಪುಕ್ಕಟೆ ಸಿಗುತ್ತದೆ. ಸಮುದ್ರದಲ್ಲಿದ್ದ ಹಡಗಿಗೆ ದಿನಾ ತೊಳೆಯುವ ನಾವಿಕರಿದ್ದರು. ದಡದಲ್ಲಿ ನಿಂತ ಹಡಗಿಗೆ ಉಪ್ಪುಗಾಳಿಯ ಮುಖಕ್ಕೆ ಮುಖ ಕೊಟ್ಟು ನಿಲ್ಲುವುದೊಂದೇ ಕೆಲಸ. ಕೆರೆದು ಶುಚಿಮಾಡದೆ ಬಳಿದ ಪೇಂಟು ಇಂಥ ಕಡೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದಂತೆ ಏಳುತ್ತದೆ.

ಇನ್ನು ಕಾರು. ಅದರ ಪೇಂಟು ಹಡಗಿನಷ್ಟು ದಪ್ಪವಲ್ಲ ಎಂಬುದೇ ಇಲ್ಲಿಯ ಮುಖ್ಯ ತೊಡಕು. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ದಿನಪತ್ರಿಕೆಯ ಎರಡು ಹಾಳೆಗಳನ್ನು ಜೋಡಿಸಿ ಹಿಡಿದರೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಇದರಲ್ಲಿ ಮೇಲಿನ ಕ್ಲಿಯರ್ ಕೋಟಿನ ಪಾಲು ನಲವತ್ತು ಐವತ್ತು ಮೈಕ್ರಾನ್, ತಲೆಗೂದಲಿಗಿಂತ ತೆಳು. ಹೊಳಪು, ಬಿಸಿಲಿನಿಂದ ರಕ್ಷಣೆ ಎರಡೂ ಇರುವುದು ಈ ಪದರದಲ್ಲಿ.

ಕರಿ ಬಣ್ಣ ಬೀಳುವ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ. ನಯವಾದ ಮೇಲ್ಮೈ ಕನ್ನಡಿಯಂತೆ ಒಂದೇ ದಿಕ್ಕಿಗೆ ಸ್ವಲ್ಪ ಬೆಳಕನ್ನು ಮರಳಿಸುತ್ತದೆ, ಆದ್ದರಿಂದಲೇ ಕರಿ ಕಾರಿನಲ್ಲಿ ತೆಂಗಿನ ಮರದ ಗರಿಗಳೂ ಎಣಿಸುವಂತೆ ಕಾಣುತ್ತವೆ. ಮೇಲ್ಮೈಯಲ್ಲಿ ಗೀರು ಬಿದ್ದರೆ ಅದರ ಅಂಚು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಬಿಳಿ ಬಣ್ಣದ ಮೇಲೆ ಈ ಚೆದುರಿದ ಬಿಳಿ ಬೆಳಕು ಲೆಕ್ಕಕ್ಕೆ ಸಿಗದು. ಕರಿಯ ಮೇಲೆ ಸ್ಲೇಟಿನ ಮೇಲೆ ಬಳಪದಿಂದ ಗೀಚಿದಂತೆ ಎದ್ದು ಕಾಣುತ್ತದೆ. ಬಿಸಿಲಿಗೆ ನಿಂತ ಕರಿ ಕಾರನ್ನು ನೋಡಿದರೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂಥ ಸುರುಳಿ ಗೀರುಗಳು ಕಾಣುವುದು ಇದೇ ಕಾರಣಕ್ಕೆ. ಬಿಸಿಲನ್ನೂ ಕರಿ ಬಣ್ಣ ನುಂಗುತ್ತದೆ. ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರಿಗಿಂತ ಕರಿ ಕಾರಿನ ಚಾವಣಿ 20 ಡಿಗ್ರಿಗೂ ಹೆಚ್ಚು ಬಿಸಿಯಾಗಬಲ್ಲದು. ಆ ಕಾವಿಗೆ ಬಾವಿನೀರಿನ ಹನಿ ಆರಿದರೆ ಅದರ ಸುಣ್ಣ, ಉಪ್ಪು ಬಿಳಿ ಉಂಗುರವಾಗಿ ಅಂಟಿಕೊಳ್ಳುತ್ತದೆ. ಮಕ್ಕಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಕರಿ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಮಳೆನೀರಿನ ಒಂದು ಹನಿ, ಬಾವಿನೀರಿನ ಒಂದು ಹನಿ, ಸಮುದ್ರದ ನೀರಿನ ಒಂದು ಹನಿ ಇಟ್ಟು ಬಿಸಿಲಿಗೆ ಇಡಬೇಕು. ಆರಿದ ಮೇಲೆ ಉಳಿಯುವ ಮೂರು ಗುರುತುಗಳೇ ಮೂರು ನೀರಿನ ಚರಿತ್ರೆ ಹೇಳುತ್ತವೆ.

ಹಾಗಾದರೆ ಕಾರವಾರದಲ್ಲಿ ಕರಿ ಕಾರನ್ನು ಲೇಪಕ್ಕೆ ಸಿದ್ಧಗೊಳಿಸುವುದು ಹೇಗೆ? ಮೊದಲು ನೆರಳು ಬೇಕು, ಬಾನೆಟ್ ತಣ್ಣಗಿರಬೇಕು. ಹಾಗೆಂದು ಹಲಸಿನ ಮರದ ಅಡಿಗೆ ನಿಲ್ಲಿಸಿದರೆ ಮೇಣ, ಎಲೆ, ಕಾಗೆಯ ಹಿಕ್ಕೆ ಒಟ್ಟಿಗೆ ಬೀಳುತ್ತವೆ, ಅದು ಬೇರೆ ಮಾತು. ಆಮೇಲೆ ನೀರು, ಬರಿ ನೀರು. ಚಾವಣಿಯಿಂದ ಕೆಳಕ್ಕೆ, ಕೈ ತಾಗಿಸದೆ, ಧೂಳು ತಾನಾಗಿ ಇಳಿಯುವಷ್ಟು. ಬಟ್ಟೆ ಹಿಡಿದು ಮುಂದೆ ಬಂದ ಮಾಲೀಕರಿಗೆ ಹೆದ್ದಾರಿ ಬದಿಯ ವಾಟರ್ ಸರ್ವಿಸಿನ ಹುಡುಗ, ಕೆಲಸ ಗೊತ್ತಿದ್ದವನಾದರೆ, "ಮುಟ್ಟಬೇಡಿ ಮಾರಾಯ್ರೆ, ಮೊದಲು ನೀರು ಬಿಡುವ" ಎಂದೇ ಹೇಳುತ್ತಾನೆ. ಏಕೆಂದರೆ ಕಡಲ ಮರಳಿನ ಸ್ಫಟಿಕಶಿಲೆಯ ಕಾಠಿಣ್ಯ ಮೋಹ್ಸ್ ಮಾಪನದಲ್ಲಿ 7. ಅದಿರಿನ ಹೆಮಟೈಟ್ ಸುಮಾರು 6. ಕ್ಲಿಯರ್ ಕೋಟ್ ಇವೆರಡರ ಮುಂದೆ ಬೆಣ್ಣೆ. ಮಾಜಾಳಿಯ ಆಚೆಗಿರುವ ತಿಳಮಾತಿ ದಂಡೆಯಲ್ಲಿ ಎಳ್ಳಿನಂಥ ಕರಿ ಮರಳಿದೆ. ಅದನ್ನು ಪ್ಯಾಂಟಿನ ಮಡಿಕೆಯಲ್ಲಿ ತಂದು ಕರಿ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರಿಗೆ ಅದು ಕಾಣುವುದೇ ಇಲ್ಲ, ಗೀರು ಮಾತ್ರ ಆಮೇಲೆ ಕಾಣುತ್ತದೆ.

ನೀರಿನ ನಂತರ ಶಾಂಪೂ. ಎರಡು ಬಕೆಟ್ ಬೇಕು. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿ ನೀರು. ಕೈಬಟ್ಟೆಯನ್ನು ಪ್ರತಿ ಸಲ ಬರಿ ನೀರಿನಲ್ಲಿ ಜಾಲಾಡಿ, ಆಮೇಲೆ ಶಾಂಪೂವಿಗೆ ಅದ್ದಬೇಕು. ಒಂದೇ ಬಕೆಟ್ಟಿನಲ್ಲಿ ಅದ್ದುತ್ತ ಹೋದರೆ ಬಾಗಿಲಿನ ಮರಳನ್ನು ಬಾನೆಟ್ಟಿಗೆ ಸಾಗಿಸಿದಂತೆ. ಕೈ ಉದ್ದಕ್ಕೆ ಓಡಬೇಕು, ಗುಂಡಗೆ ಅಲ್ಲ. ಚಕ್ರಗಳಿಗೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆ ಆ ದಿನದ ಮಟ್ಟಿಗೆ ನಿವೃತ್ತ. ಪಾತ್ರೆ ತೊಳೆಯುವ ಸೋಪನ್ನು ವಾರವಾರ ಬಳಸಿದರೆ ಹಳೆಯ ವ್ಯಾಕ್ಸ್ ಹೋಗುತ್ತದೆ. ಹೊಸ ಲೇಪಕ್ಕೆ ಮುಂಚೆ ಒಮ್ಮೆ ಬಳಸಿದರೆ ಹಾನಿಯಿಲ್ಲ. ಬೇಸಿಗೆಯಲ್ಲಿ ದಂಡೆಯ ಪಕ್ಕದ ಬಾವಿಗಳ ನೀರು ಸವುಳಾಗುತ್ತದೆ, ಅದರಲ್ಲಿ ಕಾರು ತೊಳೆಯುವುದೆಂದರೆ ಉಪ್ಪಿನಿಂದ ಉಪ್ಪನ್ನು ತೊಳೆದಂತೆ. ಈ ಊರಿನಲ್ಲಿ ಮೈಗಿಂತ ಹೆಚ್ಚು ಹೊತ್ತು ತೊಳೆಯಬೇಕಾದದ್ದು ಅಡಿಭಾಗ. ಬಾಗಿಲಿನ ಕೆಳಗಂಚಿನಲ್ಲಿ ನೀರು ಇಳಿದು ಹೋಗಲು ಸಣ್ಣ ತೂತುಗಳಿರುತ್ತವೆ, ಅವು ಮಣ್ಣಿನಿಂದ ಮುಚ್ಚಿದ್ದರೆ ಬಾಗಿಲೇ ಉಪ್ಪುನೀರಿನ ಗಡಿಗೆಯಾಗುತ್ತದೆ. ಆ ತೂತುಗಳನ್ನು ಬಿಡಿಸಲು ಖರ್ಚಾಗುವುದು ಒಂದು ಕಡ್ಡಿ. ಬಿಡಿಸದಿದ್ದರೆ ಕೆಲವೇ ವರ್ಷದಲ್ಲಿ ಬಾಗಿಲಿನ ಅಡಿ ತಿಂದುಹೋಗುತ್ತದೆ, ಕಾರು ಮಾರುವಾಗ ದಲ್ಲಾಳಿಯ ಕೈ ಮೊದಲು ಹೋಗುವುದೂ ಅಲ್ಲಿಗೇ.

ತೊಳೆದ ಮೇಲೂ ಹೋಗದವು ಕೆಲವಿವೆ. ಡಾಂಬರಿನ ಚುಕ್ಕೆ ಅದರಲ್ಲೊಂದು. ಹೆದ್ದಾರಿ ಅಗಲವಾದ ವರ್ಷಗಳಲ್ಲಿ ಇದರ ಪರಿಚಯ ಕಾರವಾರದ ಎಲ್ಲ ವಾಹನಗಳಿಗೂ ಆಗಿದೆ. ಕೆಲವರು ಪೆಟ್ರೋಲ್ ಹಚ್ಚಿ ಉಜ್ಜುತ್ತಾರೆ. ಬೆಂಕಿಯ ಭಯ ಒಂದಾದರೆ ಪೇಂಟಿನ ಭಯ ಇನ್ನೊಂದು. ಹಲಸಿನಹಣ್ಣು ಬಿಡಿಸುವ ಮುಂಚೆ ಅಜ್ಜಿಯಂದಿರು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದನ್ನು ನೋಡಿದವರಿಗೆ ಸುಲಭದ ದಾರಿ ಹೊಳೆಯಬೇಕು. ಡಾಂಬರು, ಮರದ ಮೇಣ ಎರಡೂ ಎಣ್ಣೆಗೆ ಮೆದುವಾಗುತ್ತವೆ. ಎಣ್ಣೆ ತಾಗಿಸಿ, ಹತ್ತು ನಿಮಿಷ ಬಿಟ್ಟು, ಮೆತ್ತಗೆ ಒರೆಸಿ, ಶಾಂಪೂವಿನಿಂದ ಆ ಎಣ್ಣೆಯನ್ನು ಪೂರ್ತಿ ತೆಗೆಯಬೇಕು. ಹಟಮಾರಿ ಚುಕ್ಕೆಗೆ ಅದಕ್ಕೆಂದೇ ಮಾರುವ ದ್ರಾವಣವಿದೆ.

ಎರಡನೆಯದು ಕಬ್ಬಿಣದ ಕಣ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದಿರಿನ ಧೂಳು ಈಗಾಗಲೇ ಆಕ್ಸೈಡ್ ಆಗಿರುವಂಥದು. ಅದು ಗೀಚುತ್ತದೆ, ಕಲೆ ಮಾಡುತ್ತದೆ, ಆದರೆ ಪೇಂಟಿನೊಳಗೆ ನಾಟಿ ಹೊಸದಾಗಿ ತುಕ್ಕು ಹಿಡಿಯುವುದು ಲೋಹರೂಪದ ಕಬ್ಬಿಣ. ಅದು ಬರುವುದು ಹೆಚ್ಚಾಗಿ ನಮ್ಮದೇ ಬ್ರೇಕಿನ ಡಿಸ್ಕಿನಿಂದ. ಅರಬೈಲ್ ಘಟ್ಟ ಇಳಿಯುವಾಗ ಬ್ರೇಕು ತುಳಿದ ಪ್ರತಿ ತಿರುವೂ ಬಿಸಿ ಕಬ್ಬಿಣದ ಸೂಕ್ಷ್ಮ ಚೂರುಗಳನ್ನು ಉದುರಿಸಿರುತ್ತದೆ. ರೈಲು ಹಳಿಯ ಪಕ್ಕ ದಿನಾ ನಿಲ್ಲುವ ಕಾರಿಗೂ ಇದೇ ಪಾಡು. ಬಿಳಿ ಕಾರಿನ ಮೇಲೆ ಇವು ಕಂದು ಚುಕ್ಕೆಯಾಗಿ ಕಾಣುತ್ತವೆ, ಕರಿಯದರ ಮೇಲೆ ಕಾಣುವುದಿಲ್ಲ. ಕರಿ ಬಣ್ಣ ಮುಚ್ಚಿಡುವ ಒಂದೇ ಕೊಳೆ ಇದು! ಇದಕ್ಕೆ ಅಮೋನಿಯಂ ಥಯೋಗ್ಲೈಕೊಲೇಟ್ ಇರುವ ದ್ರಾವಣ ಸಿಂಪಡಿಸುತ್ತಾರೆ. ಕಬ್ಬಿಣ ಇದ್ದಲ್ಲೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಕಣ್ಣೀರಿನಂತೆ ಇಳಿಯುತ್ತದೆ. ನೋಡಲು ಜಾದೂ; ವಾಸನೆ ಮಾತ್ರ ಕೆಟ್ಟದ್ದು. ಬ್ಯೂಟಿ ಪಾರ್ಲರುಗಳಲ್ಲಿ ಕೂದಲನ್ನು ಗುಂಗುರು ಮಾಡಲು ಬಳಸುವುದೂ ಇದೇ ರಾಸಾಯನಿಕವನ್ನು. ಕೈಗವಸು ಇಲ್ಲದೆ ಮುಟ್ಟಬಾರದು, ಚಿಕ್ಕ ಮಕ್ಕಳು ಹತ್ತಿರ ಇರಬಾರದು, ಆರುವ ಮುಂಚೆ ಧಾರಾಳ ನೀರಿನಲ್ಲಿ ತೊಳೆಯಬೇಕು. ದಿನವಿಡೀ ಬರಿಗೈಯಲ್ಲಿ ಇದನ್ನು ಒರೆಸುವ ಹುಡುಗರನ್ನು ಕಂಡರೆ ಮಾಲೀಕರೇ ಒಂದು ಜೊತೆ ಕೈಗವಸು ತೆಗೆಸಿಕೊಡುವುದು ಮೇಲು. ತೊಳೆದ ನೀರು ಬಾವಿಯ ಕಡೆ ಹರಿಯದಂತೆಯೂ ನೋಡಿಕೊಳ್ಳಬೇಕಾಗುತ್ತದೆ.

ಇನ್ನೂ ಏನಾದರೂ ಉಳಿದಿದೆಯೇ ಎಂದು ತಿಳಿಯಲು ಕಣ್ಣಿಗಿಂತ ಕೈ ವಾಸಿ. ತೆಳ್ಳನೆಯ ಪ್ಲಾಸ್ಟಿಕ್ ಚೀಲದೊಳಗೆ ಬೆರಳಿಟ್ಟು, ಒದ್ದೆ ಬಾನೆಟ್ಟಿನ ಮೇಲೆ ಹಗುರಾಗಿ ಆಡಿಸಿದರೆ ನಯವೆಂದುಕೊಂಡ ಮೇಲ್ಮೈ ರವೆ ಚೆಲ್ಲಿದಂತೆ ತರಿತರಿಯಾಗಿ ತಾಗುತ್ತದೆ. ಈ ತರಿಗಳನ್ನು ಎತ್ತಲು ಕ್ಲೇ ಎಂಬ ಮಣ್ಣಿನಂಥ ಮೆದು ಉಂಡೆ ಇದೆ, ಜಪಾನಿನಲ್ಲಿ ಹುಟ್ಟಿ ಜಗತ್ತಿಗೆಲ್ಲ ಹಬ್ಬಿದ ಉಪಾಯ. ಶಾಂಪೂ ನೀರಿನ ಜಾರು ಇಟ್ಟುಕೊಂಡು ಅದನ್ನು ಪೇಂಟಿನ ಮೇಲೆ ಓಡಿಸಿದರೆ ನಾಟಿಕೊಂಡ ಕೊಳೆ ಅದಕ್ಕೆ ಅಂಟಿ ಬರುತ್ತದೆ. ಆಗಾಗ ಮಡಿಚಿ ಹೊಸ ಮುಖ ತೆಗೆಯಬೇಕು. ಕರಿ ಕಾರಿಗೆ ಕ್ಲೇ ಹಚ್ಚಿದರೆ ಸಣ್ಣ ಗೀರು ಉಳಿಯುವುದು ಹೆಚ್ಚುಕಡಿಮೆ ಖಚಿತ, ಆದ್ದರಿಂದ ಇದು ಪಾಲಿಶಿನ ಹಿಂದಿನ ದಿನದ ಕೆಲಸವೇ ಹೊರತು ಭಾನುವಾರದ ಆಟವಲ್ಲ. ಆಮೇಲೆ ಮೈಕ್ರೊಫೈಬರ್ ಬಟ್ಟೆಯನ್ನು ಹಾಸಿ, ಉಜ್ಜದೆ, ನೀರು ಹೀರಿಸಬೇಕು.

ಪಾಲಿಶ್ ಎಂಬುದು ಬಹಳ ಜನ ತಿಳಿದಂತೆ ಏನನ್ನೋ ಬಳಿಯುವುದಲ್ಲ, ಕೆರೆಯುವುದು. ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ತಗ್ಗಿಸಿದಾಗ ಗೀರು ಮಾಯವಾಗುತ್ತದೆ. ಒಂದು ಸಲದ ಯಂತ್ರದ ಪಾಲಿಶಿಗೆ ಎರಡರಿಂದ ಐದು ಮೈಕ್ರಾನ್ ಹೋಗಬಹುದು. ಐವತ್ತು ಮೈಕ್ರಾನಿನ ಗಂಟಿನಲ್ಲಿ ಬಿಸಿಲು ತಡೆಯಲು ಬಹುಭಾಗ ಉಳಿಯಲೇಬೇಕು ಎಂದಮೇಲೆ ಒಂದು ಕಾರಿನ ಜೀವಮಾನದಲ್ಲಿ ಇಂಥ ಪಾಲಿಶ್ ಎಷ್ಟು ಸಲ ಸಾಧ್ಯ ಎಂಬ ಲೆಕ್ಕವನ್ನು ಏಳನೆಯ ತರಗತಿಯ ಮಕ್ಕಳೂ ಮಾಡಬಹುದು. ಇದು ಜಮಾ ಇಲ್ಲದ, ಖರ್ಚು ಮಾತ್ರ ಇರುವ ಖಾತೆ. ಪ್ರತಿ ಸರ್ವಿಸಿಗೂ ಪಾಲಿಶ್ ಮಾಡಿಸುವವರು ಖಾತೆಯನ್ನು ಬೇಗ ಮುಗಿಸುತ್ತಾರೆ. ಬಾನೆಟ್ಟಿನ ಅಂಚು, ಬಾಗಿಲಿನ ಮೂಲೆಗಳಲ್ಲಿ ಪದರ ಇನ್ನೂ ತೆಳು. ಅಲ್ಲಿ ಯಂತ್ರ ಒಂದು ಕ್ಷಣ ಹೆಚ್ಚು ನಿಂತರೆ ಬಣ್ಣವೇ ಕಿತ್ತು ಬರುತ್ತದೆ. ಪೇಂಟಿನ ದಪ್ಪ ಅಳೆಯುವ ಪುಟ್ಟ ಮೀಟರ್ ಇದೆ. ಕೆಲಸಕ್ಕೆ ಕೈಹಾಕುವ ಮುಂಚೆ ಅದನ್ನು ತೆಗೆದು ಅಳೆಯುವ ಅಂಗಡಿಯನ್ನು ನಂಬಬಹುದು, ದೊಡ್ಡ ಬೋರ್ಡ್ ಹಾಕಿ ಮೀಟರ್ ಇಟ್ಟುಕೊಳ್ಳದ ಅಂಗಡಿಯನ್ನು ನಂಬುವುದು ಕಷ್ಟ. ಟ್ಯೂಬ್‌ಲೈಟಿನ ಕೆಳಗೆ ಗೀರೆಲ್ಲ ಹೋದಂತೆಯೇ ಕಾಣುತ್ತದೆ, ಹೊರಗೆ ಬಿಸಿಲಿಗೆ ತಂದು ನೋಡಬೇಕು. ಅದಕ್ಕೂ ಮುಂಚೆ ಪಾಲಿಶಿನ ಎಣ್ಣೆಯ ಅಂಶವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒರೆಸಿ ತೆಗೆಯಬೇಕು. ಎಣ್ಣೆ ಗೀರುಗಳನ್ನು ತುಂಬಿ ಮುಚ್ಚಿಟ್ಟಿರುತ್ತದೆ. ಎಣ್ಣೆಯ ಮೇಲೆ ಬಳಿದ ಲೇಪ ಪೇಂಟನ್ನು ಹಿಡಿಯುವುದೂ ಇಲ್ಲ.

ಇಷ್ಟಾದ ಮೇಲೆ ಲೇಪ ಹಚ್ಚುವುದು ಅರ್ಧ ದಿನದ ಕೆಲಸ. ಕಾರ್ನೌಬಾ ವ್ಯಾಕ್ಸ್ ಅಗ್ಗ, ಕರಿ ಬಣ್ಣಕ್ಕೆ ತುಂ ತುಂಬಿದ ಹೊಳಪು ಕೊಡುತ್ತದೆ, ಆದರೆ ಇಲ್ಲಿಯ ಮಳೆಗೆ ಒಂದು ಹಂಗಾಮೂ ನಿಲ್ಲುವುದಿಲ್ಲ. ಸೆರಾಮಿಕ್ ಲೇಪ ಸಿಲಿಕಾ ಮೂಲದ್ದು, ವರ್ಷಗಟ್ಟಲೆ ಬರಬಹುದು, ಕೊಳೆ ಬೇಗ ಜಾರುತ್ತದೆ. ಕಲ್ಲು ಸಿಡಿದರೆ, ಒಣಬಟ್ಟೆಯಿಂದ ಉಜ್ಜಿದರೆ ಅದೂ ಕಾಪಾಡುವುದಿಲ್ಲ. ಆಯುಧಪೂಜೆಗೆ ಮುಂಚೆ ಹಚ್ಚಿಸಬೇಕೆಂಬ ಆತುರ ಹಲವರಿಗೆ. ಹಚ್ಚಿಸಿದ ಮರುದಿನವೇ ಬಾನೆಟ್ಟಿಗೆ ಅರಿಶಿನ ಕುಂಕುಮ ಬಳಿದು, ತಂತಿ ಕಟ್ಟಿದ ಚೆಂಡುಹೂವಿನ ಮಾಲೆ ಹಾಕಿ, ಅದು ಊರೆಲ್ಲ ತೂಗಾಡುತ್ತ ಉಜ್ಜಿದ ಮೇಲೆ ಹಬ್ಬದ ಗುರುತು ಲೇಪದ ಮೇಲೂ ಉಳಿಯುತ್ತದೆ. ಮಾಲೆಯನ್ನು ದಾರದಲ್ಲಿ ಕಟ್ಟಿ, ಕುಂಕುಮವನ್ನು ಗಾಜಿಗೆ ಇಟ್ಟರೆ ದೇವರಿಗೆ ಬೇಸರವಾಗಲಾರದು.

ಕಾರವಾರದಲ್ಲಿ ಈ ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ, ನವೆಂಬರಿನಿಂದ ಫೆಬ್ರುವರಿಯವರೆಗೆ. ಗಾಳಿ ಒಣಗಿರುತ್ತದೆ, ಬಾವಿಗಳಲ್ಲಿ ಸಿಹಿನೀರು ಇನ್ನೂ ಇರುತ್ತದೆ, ಮಳೆಗಾಲದಲ್ಲಿ ಕೂತ ಉಪ್ಪು ತುಕ್ಕಾಗುವ ಮುಂಚೆ ತೆಗೆದಂತೆಯೂ ಆಗುತ್ತದೆ. ಆದರೆ ಆ ದಿನಗಳ ಮುಂಜಾವಿನಲ್ಲಿ ಇಬ್ಬನಿ ಬೀಳುತ್ತದೆ, ಸೆರಾಮಿಕ್ ಹಚ್ಚಿದ ಮೊದಲ ರಾತ್ರಿ ಕಾರಿನ ಮೇಲೆ ನೀರು ಬೀಳಬಾರದು. ಅಂಗಳದ ಶೆಡ್ಡಿನಲ್ಲಿ ಜಾಗವಿಲ್ಲದ ಮನೆಗಳಲ್ಲಿ ಅಂದು ಒಂದು ರಾತ್ರಿಯ ಮಟ್ಟಿಗೆ ಸ್ಕೂಟರು, ಸೈಕಲ್, ಒಣತೆಂಗಿನಕಾಯಿಯ ರಾಶಿ ಹೊರಗೆ ಬಂದು, ಕರಿ ಕಾರು ಒಳಗೆ ಹೋಗುತ್ತದೆ.